ನರ್ಸಿಂಗ್ ಎಕ್ಸ್‌ಟರ್ನ್‌ಶಿಪ್‌ಗೆ ಅರ್ಜಿ: ಯಾವಾಗ ಹುಡುಕಬೇಕು, ಏನೇನು ಸಿದ್ಧವಿರಬೇಕು?

ಬಿಎಸ್‌ಎನ್ ಮೂರನೆಯ ವರ್ಷದ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದಲ್ಲಿ ಬಿಎಸ್‌ಎನ್ (ನರ್ಸಿಂಗ್ ಸ್ನಾತಕ) ಪದವಿಯ ಮೂರನೆಯ ವರ್ಷದಲ್ಲಿ ಓದುತ್ತಿದ್ದೇನೆ. ಮುಂದಿನ ಬೇಸಿಗೆಯಲ್ಲಿ ಯಾವುದಾದರೂ ಆಸ್ಪತ್ರೆಯಲ್ಲಿ ಎಕ್ಸ್‌ಟರ್ನ್ ಆಗಿ, ಅಂದರೆ ನರ್ಸ್ ಒಬ್ಬರ ಜೊತೆಗಿದ್ದು ಕೆಲಸ ಕಲಿಯುವ ವಿದ್ಯಾರ್ಥಿಯಾಗಿ ಸೇರಬೇಕೆಂದಿದ್ದೇನೆ. ಈಗಿನ್ನೂ ಸೆಪ್ಟೆಂಬರ್, ಜನವರಿಯಲ್ಲಿ ತರಗತಿಗಳು ಶುರುವಾದ ಮೇಲೆ ನೋಡಿಕೊಂಡರಾಯಿತು ಎಂದು ಸಹಪಾಠಿಗಳು ಹೇಳುತ್ತಾರೆ. ಅಷ್ಟರಲ್ಲಿ ಒಳ್ಳೆಯ ಜಾಗಗಳೆಲ್ಲ ಭರ್ತಿಯಾಗಿರುತ್ತವೆ ಎಂದು ಹಿರಿಯ ವಿದ್ಯಾರ್ಥಿನಿಯೊಬ್ಬರು ಎಚ್ಚರಿಸಿದ್ದಾರೆ. ಎರಡು ದಿನ ಕುಳಿತು ಐದಾರು ಆಸ್ಪತ್ರೆಗಳ ಉದ್ಯೋಗ ಪುಟಗಳಲ್ಲಿ ‘ಎಕ್ಸ್‌ಟರ್ನ್‌ಶಿಪ್’ ಎಂಬ ಪದವನ್ನು ಹುಡುಕಿದೆ. ಫಾರ್ಮಸಿ ವಿದ್ಯಾರ್ಥಿಗಳಿಗಾಗಿ ಇದ್ದ ಒಂದು ಜಾಹೀರಾತನ್ನು ಬಿಟ್ಟರೆ ಏನೂ ಸಿಗಲಿಲ್ಲ.

ನನ್ನ ಜಿಪಿಎ 3.2. ಕಾಲೇಜಿನ ಕ್ಲಿನಿಕಲ್ ತರಬೇತಿಯನ್ನು ಬಿಟ್ಟರೆ ಆಸ್ಪತ್ರೆಯಲ್ಲಿ ಸಂಬಳಕ್ಕೆ ದುಡಿದ ಅನುಭವ ಇಲ್ಲ. ವೀಸಾ ಎಫ್-1, ಅಂದರೆ ವಿದ್ಯಾರ್ಥಿ ವೀಸಾ. ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು, ಅರ್ಜಿಯಲ್ಲಿ ನಿಜಕ್ಕೂ ಯಾವುದಕ್ಕೆ ತೂಕವಿದೆ, ವೀಸಾದ ಕಾರಣಕ್ಕೆ ಮೊದಲೇ ಏನನ್ನಾದರೂ ಮಾಡಿಕೊಳ್ಳಬೇಕೇ ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಮೆಡ್-ಸರ್ಜ್ ವಾರ್ಡಿನ ಎಜುಕೇಟರ್:

ನಿಮ್ಮ ಹಿರಿಯ ವಿದ್ಯಾರ್ಥಿನಿ ಹೇಳಿದ್ದೇ ಸರಿ. ನಾನು ಮೆಡ್-ಸರ್ಜ್, ಅಂದರೆ ಸಾಮಾನ್ಯ ಕಾಯಿಲೆ ಮತ್ತು ಶಸ್ತ್ರಚಿಕಿತ್ಸೆಯ ರೋಗಿಗಳ ವಾರ್ಡಿನಲ್ಲಿ ನರ್ಸ್‌ಗಳಿಗೆ ತರಬೇತಿ ಕೊಡುವವಳು, ಪ್ರತಿವರ್ಷ ಎಕ್ಸ್‌ಟರ್ನ್‌ಗಳನ್ನು ಆರಿಸುವ ಸಂದರ್ಶನಗಳಲ್ಲಿ ಕೂರುತ್ತೇನೆ. ಸಾಮಾನ್ಯವಾಗಿ ಈ ಕಾರ್ಯಕ್ರಮಗಳು ಬೇಸಿಗೆಯಲ್ಲಿ ಎಂಟರಿಂದ ಹತ್ತು ವಾರ ನಡೆಯುತ್ತವೆ ಮತ್ತು ಪದವಿಗೆ ಇನ್ನೊಂದು ವರ್ಷ ಬಾಕಿಯಿರುವವರನ್ನು ತೆಗೆದುಕೊಳ್ಳುತ್ತವೆ. ಆದರೆ ಅನೇಕ ದೊಡ್ಡ ಆಸ್ಪತ್ರೆಗಳು ಅರ್ಜಿ ಕರೆಯುವುದು ಅದರ ಹಿಂದಿನ ಶರತ್ಕಾಲದಲ್ಲಿ ಅಥವಾ ಜನವರಿಯ ಆಸುಪಾಸಿನಲ್ಲಿ. ಕೆಲವು ಕಡೆ ಅರ್ಜಿ ತೆರೆದಿರುವುದು ಎರಡೇ ವಾರ. ಮಾರ್ಚ್‌ನಲ್ಲಿ ಎಚ್ಚೆತ್ತುಕೊಂಡು ಫೋನ್ ಮಾಡುವ ವಿದ್ಯಾರ್ಥಿಗಳಿಗೆ ಮುಂದಿನ ವರ್ಷ ಬನ್ನಿ ಎನ್ನಬೇಕಾಗುತ್ತದೆ. ಮುಂದಿನ ವರ್ಷ ಅವರು ವಿದ್ಯಾರ್ಥಿಗಳೇ ಆಗಿರುವುದಿಲ್ಲ.

ಹುಡುಕಿದಾಗ ಏನೂ ಸಿಗದಿರಲು ಕಾರಣ, ಈ ಹುದ್ದೆಗೆ ಎಲ್ಲೆಡೆ ಒಂದೇ ಹೆಸರಿಲ್ಲ. ಒಂದು ಆಸ್ಪತ್ರೆ ಇದನ್ನು ‘ನರ್ಸ್ ಎಕ್ಸ್‌ಟರ್ನ್’ ಎಂದರೆ, ಪಕ್ಕದ ಆಸ್ಪತ್ರೆ ‘ಸ್ಟೂಡೆಂಟ್ ನರ್ಸ್ ಇಂಟರ್ನ್’ ಎನ್ನುತ್ತದೆ, ಮತ್ತೊಂದು ‘ನರ್ಸ್ ಟೆಕ್’ ಎನ್ನುತ್ತದೆ. ಮಿನೆಸೋಟದ ರಾಚೆಸ್ಟರ್‌ನಲ್ಲಿರುವ ಮೇಯೊ ಕ್ಲಿನಿಕ್‌ನ ಹತ್ತು ವಾರಗಳ ಕಾರ್ಯಕ್ರಮದ ಹೆಸರು ‘ಸಮ್ಮರ್ ತ್ರೀ’. ಮಾಜಿ ಸೈನಿಕರ ಇಲಾಖೆಯ ಆಸ್ಪತ್ರೆಗಳ ಕಾರ್ಯಕ್ರಮಕ್ಕೆ ಹಿಂದೆ ‘ವ್ಯಾಲರ್’ ಎಂಬ ಹೆಸರಿತ್ತು, ಈಗಿನ ಹೆಸರು ‘ವಿಎ-ಸ್ಟೆಪ್’. ಇಂಥವು ಎಕ್ಸ್‌ಟರ್ನ್‌ಶಿಪ್ ಎಂಬ ಪದದಿಂದ ಹುಡುಕಿದರೆ ಕಣ್ಣಿಗೆ ಬೀಳದಿರಬಹುದು. ಆದ್ದರಿಂದ ಪದವನ್ನು ನೆಚ್ಚಿಕೊಳ್ಳದೆ, ಆಸ್ಪತ್ರೆಯ ಉದ್ಯೋಗ ಪುಟದಲ್ಲಿ ವಿದ್ಯಾರ್ಥಿಗಳಿಗೆ ಮೀಸಲಾದ ಭಾಗವನ್ನು ತೆರೆದು ನರ್ಸಿಂಗ್‌ಗೆ ಸಂಬಂಧಿಸಿದ ಪ್ರತಿಯೊಂದು ಜಾಹೀರಾತಿನ ವಿವರವನ್ನೂ ಓದಿ. ಅಲ್ಲೂ ಕಾಣದಿದ್ದರೆ ನರ್ಸಿಂಗ್ ಶಿಕ್ಷಣ ವಿಭಾಗಕ್ಕೆ ನಾಲ್ಕು ಸಾಲಿನ ಇಮೇಲ್ ಬರೆದು, ಅರ್ಜಿ ಯಾವ ತಿಂಗಳಲ್ಲಿ ತೆರೆಯುತ್ತದೆ ಎಂದಷ್ಟೇ ಕೇಳಿ. ನೇಮಕಾತಿ ವಿಭಾಗಕ್ಕಿಂತ ನಮ್ಮಂಥವರು ಬೇಗ ಉತ್ತರಿಸುತ್ತೇವೆ. ನೇಮಕಾತಿಯವರ ಬಳಿ ಒಮ್ಮೆಗೇ ಹತ್ತಾರು ಬಗೆಯ ಹುದ್ದೆಗಳಿರುತ್ತವೆ, ನಮ್ಮ ಬಳಿ ಇರುವುದು ಇದೊಂದೇ.

ಇನ್ನೊಂದು ಸಂಗತಿಯನ್ನು ಮೊದಲೇ ಖಚಿತಪಡಿಸಿಕೊಳ್ಳಿ. ಎಕ್ಸ್‌ಟರ್ನ್ ಏನನ್ನು ಮಾಡಬಹುದು, ಯಾವ ಹೆಸರಿನಲ್ಲಿ ಮಾಡಬಹುದು ಎಂಬುದನ್ನು ಆಯಾ ರಾಜ್ಯದ ನಿಯಮ ನಿರ್ಧರಿಸುತ್ತದೆ. ಒರೆಗಾನ್‌ನಲ್ಲಿ ನರ್ಸ್ ಇಂಟರ್ನ್ ಎಂಬ ಪ್ರತ್ಯೇಕ ಪರವಾನಗಿಯೇ ಇದೆ, ವಾಷಿಂಗ್ಟನ್ ರಾಜ್ಯದಲ್ಲಿ ನರ್ಸಿಂಗ್ ಟೆಕ್ನಿಷಿಯನ್ ಎಂದು ನೋಂದಾಯಿಸಿಕೊಳ್ಳಬೇಕು, ಕ್ಯಾಲಿಫೋರ್ನಿಯಾದಲ್ಲಿ ವಿದ್ಯಾರ್ಥಿ ನೀಡುವ ಶುಶ್ರೂಷೆ ಅವರ ವ್ಯಾಸಂಗದ ಅಂಗವಾಗಿರಬೇಕು. ಬೇರೆ ರಾಜ್ಯದ ಆಸ್ಪತ್ರೆಗೆ ಅರ್ಜಿ ಹಾಕುವವರು ಆ ರಾಜ್ಯದ ನರ್ಸಿಂಗ್ ಮಂಡಳಿಯ ಪುಟವನ್ನು ಓದಿರಬೇಕು. ನಿಮ್ಮ ಕಾಲೇಜಿಗೂ ಆ ಆಸ್ಪತ್ರೆಗೂ ಒಪ್ಪಂದವಿರಬೇಕೆಂದು ಕೇಳುವ ಆಸ್ಪತ್ರೆಗಳೂ ಇವೆ.

ಎಫ್-1ನಲ್ಲೇ ಓದು ಮುಗಿಸಿದ ನರ್ಸ್:

ವೀಸಾದ ಭಾಗಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಸಹಪಾಠಿಗಳ ಸಲಹೆಯನ್ನು ನಂಬಿದರೆ ಕೆಡುಕು ನಿಮಗೇ ಹೊರತು ಅವರಿಗಲ್ಲ. ಮಾಜಿ ಸೈನಿಕರ ಇಲಾಖೆಯ ಕಾರ್ಯಕ್ರಮಕ್ಕೆ ಅಮೆರಿಕದ ಪೌರತ್ವ ಬೇಕು, ಅದನ್ನು ಪಟ್ಟಿಯಿಂದ ತೆಗೆದುಬಿಡಿ. ಉಳಿದ ಕಡೆ ನಿಮಗೆ ಬೇಕಾಗುವುದು ಸಿಪಿಟಿ, ಅಂದರೆ ಪಠ್ಯಕ್ರಮದ ಭಾಗವಾದ ಪ್ರಾಯೋಗಿಕ ತರಬೇತಿಗೆ ಕೊಡುವ ಅನುಮತಿ. ಒಂದು ಪೂರ್ಣ ಶೈಕ್ಷಣಿಕ ವರ್ಷ ಓದಿರಬೇಕೆಂಬ ಷರತ್ತು ನಿಮಗೆ ತೊಡಕಾಗದು. ತೊಡಕಾಗುವುದು ಆ ಕೆಲಸ ನಿಮ್ಮ ಪಠ್ಯಕ್ರಮದ ಅವಿಭಾಜ್ಯ ಅಂಗವಾಗಿರಬೇಕೆಂಬ ಷರತ್ತು. ನಿಮ್ಮ ಕಾಲೇಜಿನಲ್ಲಿ ಎಕ್ಸ್‌ಟರ್ನ್‌ಶಿಪ್‌ಗೆ ಕ್ರೆಡಿಟ್ ಕೊಡುವ ಐಚ್ಛಿಕ ವಿಷಯವೊಂದು ಇದೆಯೇ ಎಂದು ಈ ವಾರವೇ ಸಲಹೆಗಾರರನ್ನು ಕೇಳಿ. ಇಲ್ಲವೆಂದಾದರೆ ಬೇರೆ ದಾರಿ ಹುಡುಕಲು ಚಳಿಗಾಲದವರೆಗೆ ಸಮಯವಿರುತ್ತದೆ. ನಾನು ಕೇಳಿದ್ದು ಏಪ್ರಿಲ್‌ನಲ್ಲಿ. ಕೈಯಲ್ಲಿ ಆಫರ್ ಲೆಟರ್ ಇತ್ತು, ಬೇಸಿಗೆಯ ವಿಷಯ ನೋಂದಣಿಯ ಗಡುವು ಮುಗಿದಿತ್ತು, ಆ ಅವಕಾಶವನ್ನು ಬಿಟ್ಟುಕೊಡಬೇಕಾಯಿತು.

ಸಿಪಿಟಿ ಒಂದು ನಿರ್ದಿಷ್ಟ ಉದ್ಯೋಗದಾತರಿಗೆ, ನಿರ್ದಿಷ್ಟ ದಿನಾಂಕಗಳಿಗೆ ಸೀಮಿತ. ಆಸ್ಪತ್ರೆಯ ಪತ್ರದಲ್ಲಿ ವಿಳಾಸ, ಆರಂಭ ಮತ್ತು ಮುಕ್ತಾಯದ ದಿನ, ವಾರಕ್ಕೆ ಎಷ್ಟು ಗಂಟೆ ಎಂಬುದು ಸ್ಪಷ್ಟವಾಗಿರಲಿ. ಸಿಪಿಟಿ ನಮೂದಾದ ಹೊಸ ಐ-20 (ವಿದ್ಯಾರ್ಥಿ ವೀಸಾದವರಿಗೆ ಕಾಲೇಜು ಕೊಡುವ ದಾಖಲೆ) ಕೈಗೆ ಬರುವ ಮೊದಲು ಓರಿಯಂಟೇಷನ್‌ಗೂ ಹೋಗಬೇಡಿ. ವಾರಕ್ಕೆ 20 ಗಂಟೆ ಮೀರಿದರೆ ಅದು ಪೂರ್ಣಾವಧಿ ಎನಿಸುತ್ತದೆ. ಪೂರ್ಣಾವಧಿ ಸಿಪಿಟಿಯನ್ನು 12 ತಿಂಗಳು ಬಳಸಿದವರು ಪದವಿಯ ನಂತರ ಕೆಲಸ ಮಾಡಲು ಸಿಗುವ ಒಪಿಟಿ ಎಂಬ ಅನುಮತಿಯನ್ನು ಕಳೆದುಕೊಳ್ಳುತ್ತಾರೆ, ಆದರೆ ಹತ್ತು ವಾರದ ಬೇಸಿಗೆಗೆ ಆ ಭಯ ಬೇಡ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದಿದ್ದರೆ ಕೆಲಸ ಶುರುವಾಗುವ ದಿನಕ್ಕೆ 30 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಮುಂದೆ ವೀಸಾ ಸ್ಪಾನ್ಸರ್‌ಶಿಪ್ ಬೇಕಾಗುತ್ತದೆಯೇ ಎಂದು ಅರ್ಜಿಯಲ್ಲಿ ಕೇಳಿದರೆ ನಿಜವನ್ನೇ ಬರೆಯಿರಿ. ಅದರಿಂದ ಒಂದೆರಡು ಬಾಗಿಲು ಮುಚ್ಚಬಹುದು, ಆದರೂ ಸುಳ್ಳು ಬರೆದು ಒಳಹೋಗುವ ಬಾಗಿಲು ನಿಮಗೆ ಬೇಡ.

ಮೂರು ವರ್ಷ ಸಿಎನ್‌ಎ (ಪ್ರಮಾಣಪತ್ರವುಳ್ಳ ನರ್ಸಿಂಗ್ ಸಹಾಯಕರು) ಆಗಿದ್ದು ನರ್ಸ್ ಆದವರು:

ಎಲ್ಲರೂ ಎಕ್ಸ್‌ಟರ್ನ್‌ಶಿಪ್ ಇಲ್ಲದಿದ್ದರೆ ಗತಿಯಿಲ್ಲ ಎಂಬಂತೆ ಮಾತನಾಡುತ್ತಿರುವುದನ್ನು ನಾನು ಒಪ್ಪುವುದಿಲ್ಲ. ನಾನು ಒಂದು ಬೇಸಿಗೆಯೂ ಎಕ್ಸ್‌ಟರ್ನ್ ಆಗಿರಲಿಲ್ಲ. ಓದಿನ ಜೊತೆಗೆ ವಾರಾಂತ್ಯದಲ್ಲಿ ಸಿಎನ್‌ಎ ಆಗಿ ದುಡಿದೆ, ರೋಗಿಗೆ ಸ್ನಾನ ಮಾಡಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬಾತ್‌ರೂಮಿಗೆ ನಡೆಸಿಕೊಂಡು ಹೋಗುವಾಗ ಅವರ ಉಸಿರು ಹೇಗಿದೆ ಎಂದು ಗಮನಿಸುವುದು, ಇವೆಲ್ಲ ಅಲ್ಲೇ ಕೈಗೆ ಹತ್ತಿದವು. ಪದವಿ ಮುಗಿಸಿದಾಗ ಅದೇ ವಾರ್ಡಿನ ಮ್ಯಾನೇಜರ್ ನನ್ನನ್ನು ಕರೆದು ಕೆಲಸ ಕೊಟ್ಟರು. ಬೇಸಿಗೆಗೆ ಬಂದು ಹೋಗುವ ಎಕ್ಸ್‌ಟರ್ನ್‌ಗಳಲ್ಲಿ ಕೆಲವರು ಬೆಡ್‌ಪ್ಯಾನ್ ಮುಟ್ಟಲು ಹಿಂಜರಿದು, ಐವಿ ಹಾಕುವುದನ್ನು ನೋಡಲು ಮಾತ್ರ ಓಡಿ ಬರುತ್ತಿದ್ದರು. ಅವರ ಹೆಸರು ಅವರು ಹೊರಟ ಮರುದಿನ ಯಾರಿಗೂ ನೆನಪಿರುತ್ತಿರಲಿಲ್ಲ.

ಮೆಡ್-ಸರ್ಜ್ ವಾರ್ಡಿನ ಎಜುಕೇಟರ್:

ಬೆಡ್‌ಪ್ಯಾನ್ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಸಿಎನ್‌ಎಯಾಗಿ ದುಡಿಯುವವರಿಗೆ ಹತ್ತಾರು ರೋಗಿಗಳ ಕೆಲಸ ತಲೆಯ ಮೇಲಿರುತ್ತದೆ. ನರ್ಸ್ ಒಬ್ಬರು ಬೆಳಗ್ಗೆ ಪಾಳಿ ವಹಿಸಿಕೊಂಡು ಐವರಲ್ಲಿ ಮೊದಲು ಯಾರ ಬಳಿಗೆ ಹೋಗಬೇಕೆಂದು ಹೇಗೆ ತೀರ್ಮಾನಿಸುತ್ತಾರೆ ಎಂಬುದನ್ನು ಪಕ್ಕದಲ್ಲಿ ನಿಂತು ನೋಡಲು ಅವರಿಗೆ ಬಿಡುವಿರುವುದಿಲ್ಲ. ಎಕ್ಸ್‌ಟರ್ನ್‌ಗೆ ಸಿಗುವುದು ಆ ಬಿಡುವು. ಜೊತೆಗೆ, ಪ್ರಶ್ನೆ ಕೇಳಿದವರು ಎಫ್-1ನಲ್ಲಿದ್ದಾರೆ. ಹೊರಗೆ ಸಿಎನ್‌ಎ ಕೆಲಸ ಹಿಡಿಯುವುದು ಅವರಿಗೆ ಸುಲಭವಲ್ಲ. ಆಸ್ಪತ್ರೆ ವಿಶ್ವವಿದ್ಯಾಲಯದ ಆವರಣದಲ್ಲೇ ಇದ್ದರೆ, ಅದು ಕ್ಯಾಂಪಸ್ ಉದ್ಯೋಗವಾಗಿ 20 ಗಂಟೆಯ ಮಿತಿಯೊಳಗೆ ಸಲ್ಲುತ್ತದೆಯೇ ಎಂದು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನು ಕೇಳಿ ನೋಡಬಹುದು.

ಬಿಎಸ್‌ಎನ್ ಮೂರನೆಯ ವರ್ಷದ ವಿದ್ಯಾರ್ಥಿನಿ:

ಎಲ್ಲರಿಗೂ ಧನ್ಯವಾದಗಳು. ಸಲಹೆಗಾರರನ್ನು ಭೇಟಿಯಾದೆ, ಬೇಸಿಗೆಯಲ್ಲಿ ಎರಡು ಕ್ರೆಡಿಟ್‌ನ ಐಚ್ಛಿಕ ವಿಷಯವೊಂದಿದೆ, ಅದಕ್ಕೆ ಸೇರಿಕೊಂಡರೆ ಸಿಪಿಟಿ ಸಾಧ್ಯ ಎಂದರು. ಆಸ್ಪತ್ರೆಗಳ ಪಟ್ಟಿಯನ್ನೂ ಮಾಡಿಕೊಂಡಿದ್ದೇನೆ. ಈಗ ಎರಡು ಪ್ರಶ್ನೆಗಳು ಉಳಿದಿವೆ. ಲಸಿಕೆಯ ದಾಖಲೆಗಳು ಆಯ್ಕೆಯಾದ ಮೇಲೆ ಕೊಟ್ಟರೆ ಸಾಕೇ? ಒಂದು ಪುಟದ ಪ್ರಬಂಧ ಕೇಳುವಲ್ಲಿ ಏನು ಬರೆಯಬೇಕು?

ಉದ್ಯೋಗಿ ಆರೋಗ್ಯ ವಿಭಾಗದ ನರ್ಸ್:

ಕೊಡುವುದು ಆಯ್ಕೆಯಾದ ಮೇಲೇ, ಆದರೆ ಸಿದ್ಧತೆ ಈಗಲೇ ಆಗಬೇಕು. ಹೆಪಟೈಟಿಸ್ ಬಿ ಲಸಿಕೆಯನ್ನೇ ತೆಗೆದುಕೊಳ್ಳಿ. ಎಳವೆಯಲ್ಲಿ ಹಾಕಿಸಿಕೊಂಡವರಲ್ಲಿ ವರ್ಷಗಳು ಕಳೆದಂತೆ ರಕ್ತದಲ್ಲಿನ ಪ್ರತಿಕಾಯದ ಮಟ್ಟ ಇಳಿದು, ಅದನ್ನು ಅಳೆಯುವ ಟೈಟರ್ ಪರೀಕ್ಷೆ ನೆಗೆಟಿವ್ ಬರುವುದು ಸಾಮಾನ್ಯ. ಆಗ ಒಂದು ಡೋಸ್ ಕೊಟ್ಟು ಮತ್ತೆ ಪರೀಕ್ಷಿಸುತ್ತಾರೆ, ಆಗಲೂ ಮಟ್ಟ ಏರದಿದ್ದರೆ ಇಡೀ ಸರಣಿಯನ್ನು ಪೂರೈಸಬೇಕಾಗಬಹುದು. ವಾಡಿಕೆಯ ಮೂರು ಡೋಸಿನ ಲಸಿಕೆ ಮುಗಿಯಲು ಆರು ತಿಂಗಳು ಬೇಕು. ಒಂದು ತಿಂಗಳ ಅಂತರದಲ್ಲಿ ಎರಡೇ ಡೋಸ್ ಸಾಕಾಗುವ ಲಸಿಕೆಯೂ ಈಗ ಇದೆ, ಅದನ್ನು ಕೇಳಿ ನೋಡಿ. ಏನೇ ಇರಲಿ, ಸೆಪ್ಟೆಂಬರ್‌ನಲ್ಲಿ ಟೈಟರ್ ಮಾಡಿಸಿದವರಿಗೆ ಮೇ ತಿಂಗಳಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ, ಏಪ್ರಿಲ್‌ನಲ್ಲಿ ಮಾಡಿಸಿದವರಿಗೆ ಮುಗಿದಿರುವುದಿಲ್ಲ.

ಕ್ಷಯದ ಪರೀಕ್ಷೆಯ ಬಗ್ಗೆ ವಿಶೇಷವಾಗಿ ಹೇಳಬೇಕು. ಮಗುವಾಗಿದ್ದಾಗ ಬಿಸಿಜಿ ಹಾಕಿಸಿಕೊಂಡವರಿಗೆ ಚರ್ಮದ ಪರೀಕ್ಷೆಯಲ್ಲಿ ಸೋಂಕಿಲ್ಲದಿದ್ದರೂ ಪಾಸಿಟಿವ್ ಬರಬಹುದು. ಬಂದರೆ ಎಕ್ಸ್-ರೇ, ವೈದ್ಯರ ಪತ್ರ ಎಂದು ಓಡಾಟ ಶುರುವಾಗುತ್ತದೆ. ರಕ್ತದಿಂದ ಮಾಡುವ ಇಗ್ರಾ ಪರೀಕ್ಷೆಯ ಮೇಲೆ ಬಿಸಿಜಿಯ ಪ್ರಭಾವವಿಲ್ಲ. ಮೊದಲಿಗೇ ಅದನ್ನು ಕೇಳಿ ಪಡೆಯಿರಿ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಅಥವಾ ಚಿಕನ್‌ಪಾಕ್ಸ್‌ನ ಲಸಿಕೆ ಬಾಕಿಯಿದ್ದರೆ, ಕ್ಷಯದ ಪರೀಕ್ಷೆಗೆ ರಕ್ತವನ್ನು ಅದೇ ದಿನ ಕೊಡಿ, ಇಲ್ಲವೇ ಕನಿಷ್ಠ ನಾಲ್ಕು ವಾರ ಕಾಯಿರಿ; ಇವು ಜೀವಂತ ವೈರಸ್ಸಿನ ಲಸಿಕೆಗಳಾದ್ದರಿಂದ ನಡುವಿನ ಅವಧಿಯಲ್ಲಿ ಪರೀಕ್ಷೆಯ ಫಲಿತಾಂಶವನ್ನು ಮಸುಕಾಗಿಸಬಲ್ಲವು.

ಬಿಎಲ್‌ಎಸ್ (ಮೂಲ ಜೀವರಕ್ಷಣಾ ತರಬೇತಿ) ಕಾರ್ಡ್‌ನ ಅವಧಿ ಎರಡು ವರ್ಷ. ಅದು ಬೇಸಿಗೆಯ ನಡುವೆ ಮುಗಿಯದಂತೆ ನೋಡಿಕೊಳ್ಳಿ. ಪೂರ್ತಿ ಆನ್‌ಲೈನ್‌ನಲ್ಲೇ ಮುಗಿಯುವ ಅಗ್ಗದ ಕೋರ್ಸ್‌ಗಳನ್ನು ನಾವು ಒಪ್ಪುವುದಿಲ್ಲ. ಬೊಂಬೆಯ ಎದೆ ಒತ್ತಿ ತೋರಿಸುವ ಭಾಗ ಇರಲೇಬೇಕು.

ತುರ್ತು ಚಿಕಿತ್ಸಾ ವಿಭಾಗದ ನರ್ಸ್:

ಪ್ರಬಂಧದ ಬಗ್ಗೆ ನನ್ನ ತಪ್ಪನ್ನೇ ಹೇಳುತ್ತೇನೆ. ವಿದ್ಯಾರ್ಥಿನಿಯಾಗಿದ್ದಾಗ ನನ್ನ ಮನಸ್ಸನ್ನು ಕಲಕಿದ ಒಬ್ಬ ರೋಗಿಯ ಬಗ್ಗೆ ಬರೆದಿದ್ದೆ. ಹೆಸರನ್ನು ಬರೆದಿರಲಿಲ್ಲವಾದ್ದರಿಂದ ತಪ್ಪಿಲ್ಲ ಎಂದುಕೊಂಡಿದ್ದೆ. ಆದರೆ ಅವರ ಅಪರೂಪದ ಕಾಯಿಲೆ, ಆಸ್ಪತ್ರೆಗೆ ದಾಖಲಾದ ದಿನಾಂಕ, ವಾರ್ಡಿನ ಹೆಸರು ಮೂರೂ ಅದರಲ್ಲಿದ್ದವು. ಸಂದರ್ಶನದಲ್ಲಿ ಸಮಿತಿಯ ಹಿರಿಯರೊಬ್ಬರು ಆ ಪುಟವನ್ನು ನನ್ನ ಮುಂದಿಟ್ಟು, ಆ ವಾರ ಆ ವಾರ್ಡಿನಲ್ಲಿ ಕೆಲಸ ಮಾಡಿದ ಯಾರಾದರೂ ಇದನ್ನು ಓದಿದರೆ ರೋಗಿ ಯಾರೆಂದು ತಿಳಿಯುವುದಿಲ್ಲವೇ ಎಂದು ಮೆಲ್ಲಗೆ ಕೇಳಿದರು. ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡಬೇಕೆನ್ನುವ 1996ರ ಹಿಪಾ ಕಾನೂನನ್ನು ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆ, ಅದು ನನ್ನ ಪ್ರಬಂಧಕ್ಕೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ. ಆ ಹುದ್ದೆ ನನಗೆ ಸಿಗಲಿಲ್ಲ, ಸಿಗದಿದ್ದುದು ನ್ಯಾಯವೇ.

ನಂತರದ ವರ್ಷಗಳಲ್ಲಿ ವಿದ್ಯಾರ್ಥಿಗಳ ಪ್ರಬಂಧಗಳನ್ನು ಓದುವ ಸರದಿ ನನ್ನದಾಯಿತು. ಚಿಕ್ಕಂದಿನಿಂದಲೂ ಸೇವೆ ಮಾಡುವ ಹಂಬಲವಿತ್ತು ಎಂದು ತೊಡಗುವ ಪ್ರಬಂಧಗಳು ನೂರಕ್ಕೆ ತೊಂಬತ್ತು ಎಂದರೆ ಉತ್ಪ್ರೇಕ್ಷೆಯಾದೀತು, ಆದರೆ ಓದುವಾಗ ಹಾಗೇ ಅನ್ನಿಸುತ್ತದೆ. ನಿಮ್ಮ ಕ್ಲಿನಿಕಲ್ ತರಬೇತಿಯ ಒಂದು ದಿನವನ್ನು ಹಿಡಿದುಕೊಳ್ಳಿ. ಏನನ್ನು ಗಮನಿಸಿದಿರಿ, ಯಾರಿಗೆ ತಿಳಿಸಿದಿರಿ, ಏನು ತಪ್ಪಿತು, ಮುಂದಿನ ವಾರ ಏನನ್ನು ಬೇರೆಯಾಗಿ ಮಾಡಿದಿರಿ ಎಂಬುದನ್ನು ಬರೆಯಿರಿ. ರೆಸ್ಯೂಮೆಯಲ್ಲಿ ‘ಕ್ಲಿನಿಕಲ್ ಅನುಭವ’ ಎಂದಷ್ಟೇ ಬರೆದು ಬಿಡಬೇಡಿ. ಯಾವ ಬಗೆಯ ವಾರ್ಡು, ಎಷ್ಟು ಗಂಟೆ, ಒಮ್ಮೆಗೆ ಎಷ್ಟು ರೋಗಿಗಳ ಜವಾಬ್ದಾರಿ ಎಂಬುದು ಪ್ರತಿ ತರಬೇತಿಗೂ ಪ್ರತ್ಯೇಕವಾಗಿ ಇರಲಿ. ಶಿಫಾರಸು ಪತ್ರವನ್ನು ನಿಮ್ಮನ್ನು ರೋಗಿಯ ಪಕ್ಕದಲ್ಲಿ ನೋಡಿದ ಕ್ಲಿನಿಕಲ್ ಬೋಧಕರಿಂದ, ಆ ತರಬೇತಿ ಮುಗಿಯುವ ಮೊದಲೇ ಕೇಳಿ ಪಡೆಯಿರಿ. ಆರು ತಿಂಗಳ ನಂತರ ಕೇಳಿದರೆ ಅವರು ಯಾರಿಗಾದರೂ ಒಪ್ಪುವಂಥ ಪತ್ರವನ್ನೇ ಬರೆಯುತ್ತಾರೆ.

ಸಂದರ್ಶನದಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ನೀವು ಕೋಣೆಯೊಳಗೆ ಹೋದಾಗ ರೋಗಿ ಉಸಿರಾಡಲು ಒದ್ದಾಡುತ್ತಿದ್ದರೆ ಏನು ಮಾಡುತ್ತೀರಿ? ಜಾಣ ವಿದ್ಯಾರ್ಥಿಗಳು ಇಲ್ಲೇ ಎಡವುತ್ತಾರೆ. ಯಾವ ಔಷಧಿ ಕೊಡಬೇಕೆಂದು ಪಾಠ ಒಪ್ಪಿಸುತ್ತಾರೆ. ಎಕ್ಸ್‌ಟರ್ನ್ ತಾನಾಗಿ ಔಷಧಿ ಕೊಡುವಂತಿಲ್ಲ, ವೈದ್ಯರ ಮೌಖಿಕ ಆದೇಶವನ್ನು ಸ್ವೀಕರಿಸುವಂತಿಲ್ಲ. ರೋಗಿಯನ್ನು ಬಿಟ್ಟು ಕದಲುವುದಿಲ್ಲ, ತಲೆಯ ಭಾಗವನ್ನು ಎತ್ತರಿಸಿ ಕೂರಿಸುತ್ತೇನೆ, ಕರೆಗಂಟೆ ಒತ್ತಿ ನನ್ನ ನರ್ಸನ್ನು ಕರೆಯುತ್ತೇನೆ, ಅವರು ಬರುವಷ್ಟರಲ್ಲಿ ಆಮ್ಲಜನಕದ ಮಟ್ಟವನ್ನೂ ನಾಡಿಯನ್ನೂ ನೋಡಿಟ್ಟುಕೊಂಡು ಎಸ್‌ಬಿಎಆರ್ (ಪರಿಸ್ಥಿತಿ, ಹಿನ್ನೆಲೆ, ಅಂದಾಜು, ಶಿಫಾರಸು) ಕ್ರಮದಲ್ಲಿ ತಿಳಿಸುತ್ತೇನೆ ಎಂದರೆ ಸಾಕು. ನಮಗೆ ಬೇಕಿರುವುದು ತನ್ನ ಎಲ್ಲೆ ಎಲ್ಲಿದೆ ಎಂದು ತಿಳಿದಿರುವ ವಿದ್ಯಾರ್ಥಿ.

ಐಸಿಯು ನರ್ಸ್:

ವಾರ್ಡಿನ ಆಯ್ಕೆಯ ಬಗ್ಗೆ ಯಾರೂ ಹೇಳಲಿಲ್ಲ. ಐಸಿಯು, ತುರ್ತು ವಿಭಾಗ, ಹೆರಿಗೆ ವಿಭಾಗಗಳಿಗೆ ಅರ್ಜಿಗಳ ರಾಶಿಯೇ ಬೀಳುತ್ತದೆ, ಮೆಡ್-ಸರ್ಜ್‌ಗೆ ಅಷ್ಟಿಲ್ಲ. ಹಾಗೆಂದು ಇಷ್ಟವಿಲ್ಲದ್ದನ್ನು ಬರೆಯಿರಿ ಎನ್ನುವುದಿಲ್ಲ. ನಾನು ಐಸಿಯುವನ್ನೇ ಬರೆದು, ಸಿಕ್ಕಿ, ಇಂದಿಗೂ ಅಲ್ಲೇ ಇದ್ದೇನೆ. ಆದರೆ ಐಸಿಯುವಿನಲ್ಲಿ ಎಕ್ಸ್‌ಟರ್ನ್ ಹೆಚ್ಚು ಹೊತ್ತು ನೋಡುವವರು, ಕಡಿಮೆ ಹೊತ್ತು ಮಾಡುವವರು. ಕೈಗೆ ಕೆಲಸ ಬೇಕೆನ್ನುವವರಿಗೆ ಇದು ನಿರಾಸೆ ತರಬಹುದು.

ಮೆಡ್-ಸರ್ಜ್ ವಾರ್ಡಿನ ಎಜುಕೇಟರ್:

ಮೆಡ್-ಸರ್ಜ್ ಅನ್ನು ಎರಡನೆಯ ಆಯ್ಕೆಯಾಗಿ ಬರೆಯುವವರು ಒಂದು ಕೆಲಸ ಮಾಡಿ: ಸಂದರ್ಶನದಲ್ಲಿ ಅದನ್ನು ಐಸಿಯುವಿಗೆ ಹೋಗುವ ಮೆಟ್ಟಿಲೆಂದು ಹೇಳಬೇಡಿ. ಎದುರಿಗೆ ಕುಳಿತವರು ಅದೇ ಮೆಟ್ಟಿಲ ಮೇಲೆ ಇಪ್ಪತ್ತು ವರ್ಷ ನಿಂತವರಿರುತ್ತಾರೆ.

ಬಿಎಸ್‌ಎನ್ ಮೂರನೆಯ ವರ್ಷದ ವಿದ್ಯಾರ್ಥಿನಿ, ಫೆಬ್ರವರಿಯಲ್ಲಿ:

ನಡೆದುದನ್ನು ತಿಳಿಸುವುದು ನನ್ನ ಕರ್ತವ್ಯ. ಒಂಬತ್ತು ಕಡೆ ಅರ್ಜಿ ಹಾಕಿದ್ದೆ. ಐದು ಕಡೆಯಿಂದ ಉತ್ತರವೇ ಬರಲಿಲ್ಲ, ಎರಡು ಕಡೆ ವೀಸಾದ ಪ್ರಶ್ನೆಯ ನಂತರ ನಿರಾಕರಿಸಿದರು, ಎರಡು ಕಡೆ ಸಂದರ್ಶನಕ್ಕೆ ಕರೆದರು. ಉಸಿರಾಟದ ಪ್ರಶ್ನೆ ಎರಡೂ ಕಡೆ ಬಂತು. ಹೆಪಟೈಟಿಸ್ ಬಿ ಟೈಟರ್ ನೆಗೆಟಿವ್ ಬಂದಿತ್ತು, ಅಕ್ಟೋಬರ್‌ನಲ್ಲಿ ಒಂದು ಡೋಸ್ ಹಾಕಿಸಿಕೊಂಡ ಮೇಲೆ ಸರಿಯಾಯಿತು. ಏಪ್ರಿಲ್‌ನಲ್ಲಿ ಗೊತ್ತಾಗಿದ್ದರೆ ಎಂದು ನೆನೆದರೆ ಈಗಲೂ ಗಾಬರಿಯಾಗುತ್ತದೆ. ನಿನ್ನೆ ಒಂದು ಆಸ್ಪತ್ರೆಯ ಪತ್ರ ಬಂದಿದೆ: ಮೂಳೆ ಶಸ್ತ್ರಚಿಕಿತ್ಸೆಯ ವಾರ್ಡು, ಹತ್ತು ವಾರ, ವಾರಕ್ಕೆ ಹನ್ನೆರಡು ಗಂಟೆಯ ಮೂರು ಪಾಳಿ. ಪತ್ರದಲ್ಲಿ ಆರಂಭದ ದಿನಾಂಕವಿದೆ, ಮುಕ್ತಾಯದ ದಿನಾಂಕವಿಲ್ಲ. ಪದವಿಯ ನಂತರ ಅಲ್ಲಿಯೇ ಕೆಲಸ ಮಾಡುವ ಬಗ್ಗೆ ಒಂದು ಸಾಲು ಕೂಡ ಇದೆ. ಸಹಿ ಹಾಕಬಹುದೇ?

ಎಫ್-1ನಲ್ಲೇ ಓದು ಮುಗಿಸಿದ ನರ್ಸ್:

ಅಭಿನಂದನೆಗಳು ತಂಗಿ. ಮೂಳೆ ವಾರ್ಡು ಒಳ್ಳೆಯ ಜಾಗ. ಶಸ್ತ್ರಚಿಕಿತ್ಸೆಯಾದ ಮರುದಿನವೇ ರೋಗಿಯನ್ನು ಎಬ್ಬಿಸಿ ನಡೆಸುವುದನ್ನು ಕಲಿಯುತ್ತೀರಿ. ಸಹಿಗೆ ಮುನ್ನ ಮುಕ್ತಾಯದ ದಿನಾಂಕವಿರುವ ಪತ್ರವನ್ನು ಕೇಳಿ ಪಡೆಯಿರಿ, ಅದಿಲ್ಲದೆ ಸಿಪಿಟಿ ಮುಂದೆ ಸಾಗುವುದಿಲ್ಲ. ಪದವಿಯ ನಂತರದ ಸಾಲು ‘ಅವಕಾಶವಿರುತ್ತದೆ’ ಎಂದಿದೆಯೋ, ‘ಕೆಲಸ ಮಾಡಲು ಒಪ್ಪಿರುತ್ತೇನೆ’ ಎಂದಿದೆಯೋ ನೋಡಿ. ಎರಡನೆಯದಾದರೆ ಎಷ್ಟು ವರ್ಷ, ಬಿಟ್ಟರೆ ಹಣ ಹಿಂತಿರುಗಿಸಬೇಕೇ ಎಂಬುದನ್ನು ಇಮೇಲ್‌ನಲ್ಲಿ ಕೇಳಿ, ಬಂದ ಉತ್ತರವನ್ನು ಪತ್ರದ ಜೊತೆಗೇ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ತೋರಿಸಿ. ಬೇಸಿಗೆಯ ವಿಷಯ ನೋಂದಣಿ ಯಾವ ದಿನ ಮುಗಿಯುತ್ತದೆ ಎಂದು ಇವತ್ತೇ ನೋಡಿಕೊಳ್ಳಿ.